ಪಟಕ್ಕೆ ಒದ್ದೆ ಬಟ್ಟೆ ತಾಗಿಸಬೇಡಿ

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಚೆಂದದ ಮಾತು ಬೇಕಾದವರು ಇದನ್ನು ಇಲ್ಲೇ ಮಡಚಿಡಿ. ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕೂತು ನನ್ನ ಬೆರಳು, ಕಣ್ಣು, ಸೊಂಟ ಮೂರೂ ಸವೆದವು. ಈಗ ಹಲಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ನಮ್ಮ ಬೀದಿಯ ಇಬ್ಬರು ಹುಡುಗಿಯರು ಇಂದಿರಾನಗರದ ಕಡೆ ಫ್ರೇಮ್ ಅಂಗಡಿಗೆ ಸೇರಿದ್ದಾರೆ. "ಅಜ್ಜಿ, ಅಲ್ಲೆಲ್ಲಾ ಮಿಷನ್ನೇ. ಕಾಲಲ್ಲಿ ಒತ್ತಿದ್ರೆ ಮೂಲೆ ಕೂಡ್ಕೊಂಡ್ಬಿಡುತ್ತೆ" ಅಂದರು. ಆಯ್ತಮ್ಮ, ಒತ್ತಿ. ಆದರೆ ಫೋಟೋ ನಿಮ್ಮ ಅಂಗಡಿಯಲ್ಲಿರುವುದು ಎರಡು ದಿನ. ಆಮೇಲೆ ಅದು ಮನೆಗೆ ಹೋಗುತ್ತೆ. ಫೋಟೋ ಕೆಡುವುದು ಮನೆಯಲ್ಲಿ. ಅದನ್ನು ನಿಮಗೆ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಗಂಡ ಸತ್ತ ವರ್ಷ ನಾನು ಆ ಅಂಗಡಿಗೆ ಕಸ ಗುಡಿಸಲು ಸೇರಿದೆ. ಮಾಲೀಕರು ಖಾದರ್ ಭಾಯಿ. ಗುಡಿಸುವವಳಿಗೆ ಮೊದಲು ಗಾಜು ಒರೆಸಲು ಕೊಟ್ಟರು, ಆಮೇಲೆ ರಟ್ಟು ಕತ್ತರಿಸಲು, ಆಮೇಲೆ ಮರದ ಪಟ್ಟಿ ಕೊಯ್ಯಲು. ಗಾಜು ಕೊಯ್ಯಲು ಬಿಡುವ ಹೊತ್ತಿಗೆ ನನ್ನ ಮಗಳು ಸ್ಕೂಲಿಗೆ ಹೋಗುತ್ತಿದ್ದಳು. ಹೆಂಗಸಿನ ಕೈಗೆ ಗಾಜು ಕೊಟ್ಟಿದ್ದಾರೆ ಎಂದು ಪಕ್ಕದ ಅಂಗಡಿಯವರು ನಗುತ್ತಿದ್ದರು. ಭಾಯಿ ಅವರಿಗೆ, "ನಿಮ್ಮನೇಲಿ ಬಳೆ ಹಾಕ್ಕೊಳ್ಳೋರು ಯಾರು, ನೀವಾ? ಗಾಜಿನ ಜೊತೆ ಹೆಂಗಿರ್ಬೇಕು ಅಂತ ಅವರಿಗೇ ಗೊತ್ತು" ಅಂದರು. ನನಗೆ ಹೊಗಳಿಕೆ ಸಿಕ್ಕಿದ್ದು ಅದೊಂದೇ ಸಲ. ಉಳಿದ ದಿನವೆಲ್ಲಾ "ನಕ್ಕೋ ರುಕ್ಕಮ್ಮ, ನಕ್ಕೋ!" ಅವರ ಭಾಷೆಯಲ್ಲಿ ಬೇಡ, ಹಾಗಲ್ಲ ಅಂತ.

ಮೊದಲ ಬೈಗುಳ ಎಂಜಲಿಗೆ. ಗಾಜಿನಡಿ ಒಂದು ಎಳೆ ದಾರ ಕೂತಿತ್ತು. ಬೆರಳ ತುದಿಯನ್ನು ನಾಲಗೆಗೆ ತಾಗಿಸಿ ಅದನ್ನು ಎತ್ತಿದೆ. ಆವತ್ತು ಏನೂ ಕಾಣಲಿಲ್ಲ. ಮುಂದಿನ ಯುಗಾದಿ ಹೊತ್ತಿಗೆ ಆ ಮನೆಯವರು ಮದುವೆ ಫೋಟೋ ಹೊತ್ತು ತಂದರು. ಮದುಮಗಳ ಕೆನ್ನೆಯ ಮೇಲೆ ಕಂದು ಬಣ್ಣದ ಬೆರಳ ಗುರುತು, ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು. ಭಾಯಿ ನನ್ನನ್ನು ಕರೆದು, "ನೋಡು, ಗಂಡನ ಮನೆಗೆ ಹೋಗೋಕ್ಮುಂಚೆ ನೀನೇ ಒಂದು ಏಟು ಹಾಕ್ ಕಳ್ಸಿದ್ದೀಯ" ಅಂದರು. ಅಂದಿನಿಂದ ಫೋಟೋದ ಮುಖಕ್ಕೆ ನಾನು ಬೆರಳು ತಾಗಿಸಿಲ್ಲ. ಅಂಚು ಹಿಡಿಯಿರಿ. ದಾರವೋ ಧೂಳೋ ಇದ್ದರೆ ಮೆತ್ತನೆ ಕುಂಚದಲ್ಲಿ ಗುಡಿಸಿ. ಊದಲೂ ಬೇಡಿ, ಊದಿದರೂ ಎಂಜಲೇ.

ಭಾಯಿಯಿಂದ ಕಲಿತದ್ದು ಬಹಳ. ಹಿಂದಿನ ಕಾಗದ ಅಂಟಿಸಲು ಮೈದಾ ಗಂಜಿ ಕಾಯಿಸುತ್ತಿದ್ದೆವು. ಅದಕ್ಕೆ ಅವರು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ವಿಷ ಅದು, ಹುಳ ಹತ್ತಿರ ಬರುವುದಿಲ್ಲ. ಬೇರೆ ಅಂಗಡಿಯವರು ಬರೀ ಮೈದಾ ಬಳಿದು ಮೇಲೆ ನ್ಯೂಸ್ ಪೇಪರ್ ಅಂಟಿಸುವರು. ಹುಳಕ್ಕೆ ಅದು ಹಬ್ಬದೂಟ.

ಭಾಯಿ ಒಂದೇ ದಿನ ತಿರುಪತಿ ತಿಮ್ಮಪ್ಪ, ಕಾಬಾ, ಮೇರಿ ಅಮ್ಮ ಮೂವರಿಗೂ ಕಟ್ಟು ಹಾಕಿದವರು. ಅವರ ಮನೆಯ ಗೋಡೆಯಲ್ಲಿ ಮಾತ್ರ ಒಂದೂ ಮನುಷ್ಯರ ಫೋಟೋ ಇರಲಿಲ್ಲ. ಯಾಕೆ ಭಾಯಿ ಎಂದರೆ, "ಗೋಡೆಗೆ ಹಾಕಿದ್ರೆ ಒರೆಸ್ಬೇಕು ರುಕ್ಕಮ್ಮ. ನಮ್ಮನೇಲಿ ಯಾರು ಒರೆಸ್ತಾರೆ?" ಅಂದು ಮಾತು ತೇಲಿಸಿಬಿಟ್ಟರು. ನಮ್ಮ ಮನೆಯಲ್ಲೂ ಇರಲಿಲ್ಲ. ನನ್ನ ಗಂಡ ಫೋಟೋ ತೆಗೆಸಿಕೊಂಡಿರಲಿಲ್ಲ, ಅಷ್ಟೇ.

ಈಗ ಫೋಟೋ ಹೇಗೆ ಕೆಡುತ್ತೆ ಹೇಳುತ್ತೇನೆ. ಗೋಡೆ ಮೊದಲನೆಯ ಶತ್ರು. ಹಲಸೂರಿನ ಒಬ್ಬಾಕೆ ಸತ್ತ ಗಂಡನ ಫೋಟೋವನ್ನು ಬಚ್ಚಲುಮನೆಯ ಗೋಡೆಗೆ ಈ ಕಡೆಯಿಂದ ನೇತು ಹಾಕಿದ್ದಳು. ತೇವ ಕುಡಿದು ಕುಡಿದು ಬೂಷ್ಟು ಹಿಡಿಯಿತು, ಅದೂ ಸರಿಯಾಗಿ ಮೂಗಿನ ಕೆಳಗೆ. "ಅವರಿಗೆ ಮೀಸೆನೇ ಇರ್ಲಿಲ್ಲ ರುಕ್ಕಮ್ಮ, ಸತ್ಮೇಲೆ ಬಂದದೆ" ಎಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಆ ಬೂಷ್ಟು ನಾನು ತೆಗೆಯಲು ಹೋಗಲಿಲ್ಲ. ಒರೆಸಿದರೆ ಮೂಗೂ ಬರುತ್ತಿತ್ತು. ಒಳಗೋಡೆಗೆ ಹಾಕಿ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಒಂದೊಂದು ಬೆಣೆ ಅಂಟಿಸಿ. ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡಬೇಕು.

ಬಿಸಿಲು ಎರಡನೆಯದು. ರಿಚರ್ಡ್ಸ್ ಟೌನಿನ ಒಂದು ಬಂಗಲೆಯಲ್ಲಿ ಕಲರ್ ಫೋಟೋವನ್ನು ಪಡುವಣ ಕಿಟಕಿಗೆ ಎದುರಾಗಿ ಹಾಕಿದ್ದರು. ಸೊಸೆಯ ಕೆಂಪು ರೇಷ್ಮೆ ಸೀರೆ ಗುಲಾಬಿ ಆಯಿತು, ಆಮೇಲೆ ಬಿಳಿ ಆಯಿತು. ಗಂಡ ಪಕ್ಕದಲ್ಲೇ ಹಲ್ಲು ಕಿಸಿದುಕೊಂಡು ನಿಂತಿದ್ದಾನೆ, ಇವಳು ವಿಧವೆಯ ಹಾಗೆ ಕೂತಿದ್ದಾಳೆ. ಅತ್ತೆ ಅದನ್ನು ನೋಡಲಾರದೆ ತಂದುಕೊಟ್ಟಳು. ನಾನೇನು ಮಾಡಲಿ? ಹೋದ ಬಣ್ಣ ವಾಪಸ್ ಬರುವುದಿಲ್ಲ.

ಗೆದ್ದಲಿನ ಮಾತು ಬಂದರೆ ಕೃಷ್ಣರಾಜಪುರದ ಆ ಮನೆಯವರು ನೆನಪಿಗೆ ಬರುತ್ತಾರೆ. ಹಳೇ ಕಾಲದ ಗೌಡರ ಮನೆತನ. ಮುತ್ತಜ್ಜನ ಪಟದ ಕೊಕ್ಕೆ ಸಡಿಲವಾಗಿದೆ, ಬೇರೆ ಹಾಕಿಕೊಡಿ ಎಂದು ಮನೆಯ ಹಿರಿಯರು ತಂದರು. ಪಟದ ತುಂಬಾ ಗಂಧದ ಹಾರ. ಒಂದರ ಮೇಲೊಂದು, ವರ್ಷ ವರ್ಷದ್ದು. ಹಾರ ಬಿಡಿಸಿ ನೋಡಿದರೆ ಗಾಜಿನ ಹಿಂದೆ ಬರೀ ಮಣ್ಣು. ಮುತ್ತಜ್ಜ ಇಲ್ಲ, ಕಾಗದ ಇಲ್ಲ, ರಟ್ಟೂ ಇಲ್ಲ. ಎಲ್ಲ ತಿಂದು ಗೂಡು ಕಟ್ಟಿವೆ. ಆ ಹಿರಿಯರು ತುಂಬಾ ಹೊತ್ತು ನೋಡಿ, "ಹಂಗಾದ್ರೆ ಇಷ್ಟು ದಿನ ನಾವು ಯಾರಿಗೆ ಕೈ ಮುಗೀತಿದ್ವಿ?" ಎಂದರು. ಭಾಯಿ ನನ್ನ ಕಿವಿಯ ಹತ್ತಿರ "ಗೆದ್ದಲಿಗೆ" ಅಂದರು. ನಾನು ನಗು ತಡೆಯಲು ಆ ಕಡೆ ತಿರುಗಿದೆ. ಈ ಕಡೆ ತಿರುಗುವ ಹೊತ್ತಿಗೆ ಆ ಮನುಷ್ಯ ಗೂಡನ್ನು ಟವೆಲಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಇಷ್ಟಾದರೂ ಮುತ್ತಜ್ಜನದ್ದೇ ತಾನೆ ಅಂತ. ವರ್ಷಕ್ಕೊಂದು ಸಲ ಹಾರ ತೆಗೆದು, ಪಟ ಇಳಿಸಿ, ಬೆನ್ನು ನೋಡಿ. ಮುಖಕ್ಕೆ ಕೈ ಮುಗಿದರೆ ಸಾಲದು.

ಇವೆಲ್ಲಕ್ಕಿಂತ ದೊಡ್ಡ ಶತ್ರು ನೀರು. ಅದನ್ನು ಪಟಕ್ಕೆ ತಂದು ಹಾಕುವುದು ನಾವೇ. ನಮ್ಮಲ್ಲಿ ಪಿತೃಪಕ್ಷ ಬಂತೆಂದರೆ ಮನೆ ತೊಳೆದು, ಹಿರಿಯರ ಪಟಗಳನ್ನೆಲ್ಲ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಣೆಗೆ ಕುಂಕುಮ ಕಲಸಿ ಇಟ್ಟು, ನೀರಲ್ಲಿ ನೆನೆಸಿದ ಹೂವಿನ ಹಾರ ಹಾಕಿ, ಸಾಲಾಗಿ ಗೋಡೆಗೆ ಒರಗಿಸಿ ಎಡೆ ಇಡುತ್ತಾರೆ. ಗಾಜಿನ ಮೇಲಿನ ನೀರು ಇಳಿದು ಕೆಳಗಿನ ಪಟ್ಟಿಯ ಸಂದಿಗೆ ಸೇರುತ್ತದೆ. ಅಲ್ಲಿಂದ ಫೋಟೋ ಅದನ್ನು ಬತ್ತಿ ಎಣ್ಣೆ ಹೀರಿದ ಹಾಗೆ ಹೀರುತ್ತದೆ. ಒಣಗುವಾಗ ಗಾಜಿಗೆ ಕಚ್ಚಿಕೊಳ್ಳುತ್ತದೆ. ಮಹಾಲಯ ಅಮಾವಾಸ್ಯೆ ಕಳೆದು ಹದಿನೈದು ದಿನಕ್ಕೆ ನಮ್ಮ ಅಂಗಡಿ ಮುಂದೆ ಸಾಲು ನಿಲ್ಲುತ್ತಿತ್ತು. ಅರ್ಧ ಮುಖದ ಅಪ್ಪಂದಿರು, ಸೀರೆ ಕಿತ್ತುಹೋದ ಅಮ್ಮಂದಿರು.

ಗೌರಮ್ಮನ ವಿಷಯ ಹೇಳಬೇಕು. ಈ ಕೆಲಸದಲ್ಲಿ ನಾನು ನೋಡಿದ್ದೆಲ್ಲ ಒಂದು ಕಡೆ, ಅದೊಂದು ಒಂದು ಕಡೆ.

ಗೌರಮ್ಮ ಬೈಯಪ್ಪನಹಳ್ಳಿಯವರು. ಆಗ ಅಲ್ಲಿ ಮೆಟ್ರೋ ಇಲ್ಲ, ಬಾಡಿಗೆ ರೂಮುಗಳಿಲ್ಲ, ಅವರ ಮನೆಯವರು ಸೊಪ್ಪು ಬೆಳೆದು ಮಾರ್ಕೆಟ್ಟಿಗೆ ತರುತ್ತಿದ್ದರು. ಒಂದು ದಿನ ಸೊಪ್ಪಿನ ಗಾಡಿಯಿಂದ ಇಳಿದು, ಟವೆಲಿನಲ್ಲಿ ಸುತ್ತಿದ ಒಂದು ಫೋಟೋ ಹಿಡಿದು ಅಂಗಡಿಗೆ ಬಂದರು. ಕಪ್ಪು ಬಿಳುಪು. ಕುರ್ಚಿಯ ಮೇಲೆ ಒಂದು ಹೆಣ್ಣುಮಗು, ಫ್ರಾಕು ಹಾಕಿದೆ, ತಲೆಗೆ ಹೂ ಮುಡಿಸಿದ್ದಾರೆ, ಕಣ್ಣು ಮುಚ್ಚಿದೆ. ಕುರ್ಚಿಯ ಹಿಂದಿನಿಂದ ಒಂದು ಕೈ ಆ ಮಗುವಿನ ಕತ್ತನ್ನು ನೇರ ಹಿಡಿದಿದೆ.

ಈಗಿನವರಿಗೆ ಇದು ಗೊತ್ತಿಲ್ಲ. ಆಗ ಮಕ್ಕಳ ಫೋಟೋ ಯಾರು ತೆಗೆಸುತ್ತಿದ್ದರು? ಸತ್ತಮೇಲೆ ಅಯ್ಯೋ ಒಂದೂ ಇಲ್ಲವಲ್ಲ ಎಂದು ಸ್ಟುಡಿಯೋದವರನ್ನು ಮನೆಗೆ ಕರೆಸಿ, ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ತೆಗೆಸುತ್ತಿದ್ದರು. ಆ ಮಗು ರತ್ನ. ಮೂರು ತುಂಬಿರಲಿಲ್ಲ. ಜ್ವರ ಬಂದು ಹೋಯಿತು. ಇದ್ದದ್ದು ಅದೊಂದೇ ಫೋಟೋ.

"ಕಣ್ಣು ಬಿಟ್ಟಿರೋ ಹಂಗೆ ಮಾಡ್ಕೊಡಿ" ಎಂದರು ಗೌರಮ್ಮ.

ಅಂಗಡಿಯ ಮೆಟ್ಟಿಲಲ್ಲಿ ಸೆಲ್ವಂ ಅಂತ ಒಬ್ಬ ಪೇಂಟರ್ ಕೂತಿರುತ್ತಿದ್ದ. ಕಪ್ಪು ಬಿಳುಪು ಫೋಟೋಗೆ ಬಣ್ಣ ಹಚ್ಚುವುದು ಅವನ ಕಸುಬು. ಫೋಟೋ ನೋಡಿ, "ಅಮ್ಮಾ, ಪಾಪು ಕಣ್ಣು ಹೆಂಗಿತ್ತು?" ಎಂದ.

"ದೊಡ್ಡದಾಗಿತ್ತು."

"ಯಾರ ಥರ ಇತ್ತು? ನಿಮ್ಮ ಥರನಾ, ಅವರಪ್ಪನ ಥರನಾ?"

"ಯಾರ ಥರಾನೂ ಇಲ್ಲಪ್ಪ. ಅವಳ ಥರ."

ಸೆಲ್ವಂ ಕೆನ್ನೆಗೆ ಚೂರು ಗುಲಾಬಿ ಹಚ್ಚಿದ, ಮುಚ್ಚಿದ ರೆಪ್ಪೆಯ ಮೇಲೆ ಬಿಳಿ ಇಟ್ಟ, ಕಪ್ಪು ಇಟ್ಟ, ಕಪ್ಪಿನೊಳಗೆ ಒಂದು ಚುಕ್ಕೆ ಬೆಳಕು ಇಟ್ಟ. ಮಗು ನಮ್ಮನ್ನೇ ನೋಡಿತು. ಗೌರಮ್ಮ ಕೈಯಲ್ಲಿ ಹಿಡಿದು "ಹೂಂ" ಅಂದರು. ಅವರು ಹೋದಮೇಲೆ ಟೀ ಕುಡಿಯುತ್ತಾ ಸೆಲ್ವಂ ನನಗೆ ಹೇಳಿದ: "ಅಕ್ಕಾ, ಎಲ್ಲಾ ಮಕ್ಕಳಿಗೂ ನಾನು ನನ್ನ ಮಗಳ ಕಣ್ಣೇ ಬರೀತೀನಿ. ನಂಗೆ ಬರೋದು ಅದೊಂದೇ." ಇದನ್ನು ನಾನು ಗೌರಮ್ಮನಿಗೆ ಹೇಳಲಿಲ್ಲ. ಯಾಕೆ ಹೇಳಲಿ?

ಹೇಳಿದ್ದು ಇಷ್ಟು: "ಗೌರಮ್ಮೋರೆ, ಈ ಬಣ್ಣ ನೀರಿನದು. ಒಂದು ಹನಿ ಒಳಗೆ ಹೋದ್ರೂ ಕಣ್ಣು ಕರಗೋಗುತ್ತೆ. ಒಣ ಬಟ್ಟೇಲಿ ಒರೆಸಿ. ಹೂವ ಹಾಕ್ಬೇಡಿ. ಕುಂಕುಮ ಇಡ್ಬೇಡಿ."

"ಕುಂಕುಮ ಯಾಕಿಡ್ಲಿ? ಸತ್ತೋರಿಗೆ ತಾನೆ ಇಡೋದು" ಅಂದರು.

ಆಮೇಲೆ ಅವರಿಗೆ ಒಬ್ಬ ಮಗ ಹುಟ್ಟಿದ. ಹೊಲ ಹೋಗಿ ಕಟ್ಟಡ ಬಂತು. ಗೌರಮ್ಮ ಮಾರ್ಕೆಟ್ಟಿಗೆ ಬಂದಾಗ ನಮ್ಮ ಅಂಗಡಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ರತ್ನಳ ಪಟವನ್ನು ಹಾಲ್‌ನಲ್ಲಿ ಹಿರಿಯರ ಸಾಲಿಗೆ ಹಾಕಿರಲಿಲ್ಲ. ತಮ್ಮ ರೂಮಿನಲ್ಲಿ, ಮಲಗಿದರೆ ಕಾಣುವ ಹಾಗೆ ಹಾಕಿದ್ದರು. ದಿನಾ ಸೆರಗಿನಲ್ಲಿ ಅವರೇ ಒರೆಸುತ್ತಿದ್ದರು. ಪಿತೃಪಕ್ಷದಲ್ಲಿ ಎಲ್ಲರ ಪಟ ಕೆಳಗಿಳಿಯುತ್ತಿತ್ತು, ಅದು ಇಳಿಯುತ್ತಿರಲಿಲ್ಲ. "ನನ್ ಮಗಳು ನನ್ನನ್ನೇ ನೋಡ್ತಿರ್ತಾಳೆ ರುಕ್ಕಮ್ಮ. ಆ ಕಣ್ಣು ನೋಡೀನೇ ನಾನು ಬೆಳಿಗ್ಗೆ ಎದ್ದೇಳೋದು" ಎನ್ನುತ್ತಿದ್ದರು.

ಅಷ್ಟು ಹೊತ್ತಿಗೆ ನಮ್ಮ ಕೆಲಸ ಬದಲಾಯಿತು. ಮೊದಲು ಎಲ್ಲರೂ ಫೋಟೋವನ್ನು ಗಾಜಿಗೆ ಒತ್ತಿ ಕೂರಿಸುತ್ತಿದ್ದೆವು. ಗಾಜಿಗೂ ಫೋಟೋಗೂ ನಡುವೆ ಸುತ್ತ ಒಂದು ಸಣ್ಣ ರಟ್ಟಿನ ಪಟ್ಟಿ ಇಟ್ಟರೆ ಕಚ್ಚುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಭಾಯಿಗೆ ಅದು ಹಿಡಿಸಲಿಲ್ಲ. "ಫೋಟೋ ಬಾವಿ ಒಳಗೆ ಬಿದ್ದಂಗೆ ಕಾಣುತ್ತೆ" ಎಂದು ಜಗಳ ಆಡಿದರು. ಒಂದು ಮಳೆಗಾಲದಲ್ಲಿ ಪಟ್ಟಿ ಇಟ್ಟಿದ್ದೂ ಇಡದಿದ್ದೂ ಎರಡೂ ವಾಪಸ್ ಬಂದಾಗ ಬಿಚ್ಚಿ ನೋಡಿದರು. ಮಾತಾಡದೆ ಹೋಗಿ ತಾವೇ ರಟ್ಟು ಕತ್ತರಿಸಲು ಕೂತರು. ಅವರು ಸೋತೆ ಅಂತ ಬಾಯಲ್ಲಿ ಹೇಳಿದವರಲ್ಲ, ಕೈಯಲ್ಲಿ ಹೇಳುವವರು.

ಗೌರಮ್ಮನಿಗೆ ನಾನು ಎಷ್ಟು ಸಲ ಹೇಳಿದೆನೋ. "ಪಟ ತನ್ನಿ, ಬಿಚ್ಚಿ ಒಳಗೆ ಪಟ್ಟಿ ಇಟ್ಕೊಡ್ತೀನಿ." ಅವರು ಒಪ್ಪಲಿಲ್ಲ. "ಬಿಚ್ಚೋದು ಬೇಡ. ಬಿಚ್ಚಿದ್ರೆ ಕಣ್ಣಿಗೇನಾದ್ರೂ ಆದ್ರೆ? ಇದ್ದಂಗೆ ಇರ್ಲಿ ಬಿಡು." ಒಬ್ಬರ ಪಟವನ್ನು ಕಿತ್ತುಕೊಂಡು ಬಿಚ್ಚಲು ನಮಗೆ ಅಧಿಕಾರವಿಲ್ಲ. ಇದೂ ಕಲಿಯಬೇಕಾದ್ದೇ.

ಭಾಯಿ ತೀರಿಹೋದರು. ಸೆಲ್ವಂ ಅವರಿಗಿಂತ ಮುಂಚೆಯೇ ಹೋಗಿದ್ದ. ಅಂಗಡಿಗೆ ಪ್ಲಾಸ್ಟಿಕ್ ಪಟ್ಟಿ ಬಂತು, ಮೊಳೆಯ ಬದಲು ಪಿನ್ನು ಹೊಡೆಯುವ ಗನ್ ಬಂತು, ಲ್ಯಾಮಿನೇಶನ್ ಬಂತು. ಲ್ಯಾಮಿನೇಶನ್ ಬಗ್ಗೆ ಒಂದೇ ಮಾತು: ಇನ್ನೊಂದು ಪ್ರಿಂಟ್ ಇದ್ದರೆ ಮಾಡಿ, ಒಂದೇ ಇದ್ದರೆ ಮಾಡಬೇಡಿ. ಒಮ್ಮೆ ಅಂಟಿದರೆ ದೇವರು ಬಂದರೂ ಬಿಡಿಸುವುದಿಲ್ಲ. ನನ್ನ ಕೈ ನಡುಗಲು ಶುರುವಾದ ಮೇಲೆ ನಾನೂ ಬಿಟ್ಟೆ.

ಬಿಟ್ಟು ಮನೆಯಲ್ಲಿದ್ದಾಗಲೇ, ಹೋದ ವರ್ಷ ಹಿರಿಯರ ಹಬ್ಬ ಕಳೆದ ಮೇಲೆ, ನಮ್ಮ ಬಾಗಿಲಿಗೆ ಒಂದು ಆಟೋ ಬಂತು. ಗೌರಮ್ಮ ಇಳಿದರು. ಪಟ ಎದೆಗೆ ಅಪ್ಪಿಕೊಂಡಿದ್ದರು. ಹಿಂದೆ ಸೊಸೆ ಮಂಜುಳ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬಾಗಿಲ ಹೊರಗೇ ನಿಂತುಬಿಟ್ಟಳು.

"ಒಳಗೆ ಬಾರಮ್ಮ" ಎಂದೆ.

"ಬೇಡ ಅಜ್ಜಿ, ಇಲ್ಲೇ ಇರ್ತೀನಿ."

ಆಗಿದ್ದು ಇಷ್ಟು. ಹಬ್ಬದ ದಿನ ಅತ್ತೆ ಸ್ನಾನಕ್ಕೆ ಹೋದಾಗ ಆ ಹುಡುಗಿ ಎಲ್ಲರ ಪಟ ಇಳಿಸಿ ಒರೆಸಿದಳು. ರೂಮಿನಲ್ಲಿ ಒಂದು ಮಗುವಿನ ಪಟ ಒಂಟಿಯಾಗಿದೆ. ಗಂಡನ ಸತ್ತ ಅಕ್ಕ ಅಂತ ಗೊತ್ತು. ಪಾಪ, ಎಲ್ಲರಿಗೂ ಎಡೆ, ಇದಕ್ಕೆ ಇಲ್ಲ, ಮರೆತಿರಬೇಕು ಅಂದುಕೊಂಡಳು. ಇಳಿಸಿ, ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಹಣೆಗೆ ಕುಂಕುಮ ಕಲಸಿಟ್ಟು, ನೀರು ತೊಟ್ಟಿಕ್ಕುವ ಹಾರ ಹಾಕಿ, ಈಗಷ್ಟೇ ಒರೆಸಿದ ನೆಲದಲ್ಲಿ ಹಿರಿಯರ ಸಾಲಿನ ಕೊನೆಗೆ ಕೂರಿಸಿದಳು. ಗೌರಮ್ಮ ಬಂದು ನೋಡಿ ಕೂಗಿದರಂತೆ. ನೀರು ಆಗಲೇ ಒಳಗೆ ಹೋಗಿತ್ತು. ಮಗ ಬಂದು ಒಣಗಲಿ ಎಂದು ತಾರಸಿಯ ಬಿಸಿಲಿಗೆ ಇಟ್ಟನಂತೆ. ಅದು ಎರಡನೇ ತಪ್ಪು. ಬಿಸಿಲಲ್ಲಿ ಒಣಗಿದ್ದು ಗಾಜಿಗೆ ಕಲ್ಲಿನ ಹಾಗೆ ಕಚ್ಚುತ್ತದೆ.

ನಾನು ಬೆಳಕಿಗೆ ಹಿಡಿದು ನೋಡಿದೆ. ಕಾಲಿನಿಂದ ಕುತ್ತಿಗೆವರೆಗೆ ಗಾಜಿಗೆ ಅಂಟಿದೆ. ಹಾರದ ನೀರು ಮೇಲಿನ ಸಂದಿಯಿಂದ ಹೋಗಿ ಎಡಗಣ್ಣಿನ ಕಪ್ಪನ್ನು ಕೆನ್ನೆಗೆ ಇಳಿಸಿದೆ. ಬಲಗಣ್ಣು ಸರಿಯಾಗಿದೆ. ಫ್ರಾಕಿನ ಅಂಚಿನಲ್ಲಿ ಬೂಷ್ಟು ಶುರುವಾಗಿದೆ.

ನನಗೆ ನಯವಾಗಿ ಹೇಳಲು ಬರುವುದಿಲ್ಲ. ಇದ್ದದ್ದು ಹೇಳಿದೆ. "ಗೌರಮ್ಮೋರೆ, ಎರಡೇ ದಾರಿ. ಹಿಂಗೇ ಬಿಟ್ರೆ ಒಂದು ಕಣ್ಣಾದ್ರೂ ಇರುತ್ತೆ. ಆದ್ರೆ ಬೂಷ್ಟು ಮೇಲೇರುತ್ತೆ, ಇನ್ನೊಂದೆರಡು ಮಳೆಗಾಲಕ್ಕೆ ಮುಖಾನೂ ತಿನ್ನುತ್ತೆ. ಇಲ್ಲಾಂದ್ರೆ ನೀರಲ್ಲಿ ನೆನೆಹಾಕ್ಬೇಕು. ಹಳೇ ಫೋಟೋ, ಗಟ್ಟಿ ಕಾಗದ, ಗಾಜು ಬಿಟ್ಕೊಂಡು ಮಗು ಇಡಿಯಾಗಿ ಬರುತ್ತೆ. ಕಣ್ಣು ಬರಲ್ಲ. ಬರೆದಿದ್ದೆಲ್ಲಾ ಹೋಗುತ್ತೆ."

ಹೊರಗಿದ್ದ ಮಂಜುಳ, "ಅಜ್ಜಿ, ಕಂಪ್ಯೂಟರಲ್ಲಿ ಸರಿ ಮಾಡ್ತಾರಲ್ಲ" ಎಂದಳು. ಅದೂ ಸರಿಯೇ. ನಮ್ಮ ಬೀದಿ ಕೊನೆಯ ಸ್ಟುಡಿಯೋಗೆ ಮೂವರೂ ಹೋದೆವು. ಸ್ಟುಡಿಯೋದವರು ಒಳ್ಳೆಯ ಮನುಷ್ಯ, ಕೂರಿಸಿ ಮಾಡಿದರು. ಕ್ಯಾಮೆರಾದಲ್ಲಿ ತೆಗೆದು, ಕಂಪ್ಯೂಟರಿಗೆ ಹಾಕಿ, ಕಲೆ ತೆಗೆದು, ಎರಡು ಕಣ್ಣು ಕೂರಿಸಿದರು. ಹೊಳೆಯುವ ಕಣ್ಣು, ಜಾಹೀರಾತಿನ ಮಗುವಿನ ಹಾಗೆ.

ಗೌರಮ್ಮ ಪರದೆಯ ಹತ್ತಿರ ಮುಖ ತಂದು ನೋಡಿದರು. "ಇದ್ಯಾರ ಮಗೂದಪ್ಪ ಕಣ್ಣು?"

"ಸುಮ್ನೆ ಒಂದು ಹಾಕಿದೀನಿ ಅಮ್ಮ. ನಿಮಗೆ ಬೇಕಾದಂಗೆ ಚೇಂಜ್ ಮಾಡ್ಬೋದು. ಹೆಂಗಿತ್ತು ಹೇಳಿ, ಹಂಗೇ ಮಾಡೋಣ."

ಗೌರಮ್ಮ ನನ್ನ ಕಡೆ ತಿರುಗಿ, "ರುಕ್ಕಮ್ಮ, ನಂಗೆ ಗ್ಯಾಪಕಕ್ಕೇ ಬರ್ತಿಲ್ವಲ್ಲೇ. ಬಣ್ಣದ್ದು ಬರ್ತದೆ, ಅವಳದ್ದು ಬರ್ತಿಲ್ಲ" ಎಂದರು. ಸೆಲ್ವಂ ಬರೆದದ್ದು ತನ್ನ ಮಗಳ ಕಣ್ಣು ಎಂದು ಆಗಲೂ ನಾನು ಹೇಳಲಿಲ್ಲ. ಸ್ಟುಡಿಯೋದವರು ಪಾಪ, ಪ್ರಿಂಟ್ ಮಾಡಲಾ ಬೇಡವಾ ಎಂದು ಕೇಳಲೂ ಇಲ್ಲ.

ಮನೆಗೆ ಬಂದು ಗೌರಮ್ಮ ನೀರು ಕುಡಿದರು. ಆಮೇಲೆ "ನೆನೆಹಾಕು" ಅಂದರು.

"ಯೋಚ್ನೆ ಮಾಡಿ. ಆಮೇಲೆ ವಾಪಸ್ ಬರಲ್ಲ."

"ಇಷ್ಟು ವರ್ಷ ಬರೀ ಆ ಕಣ್ಣು ಕಾಪಾಡ್ಕೊಂಡ್ ಬಂದೆ. ಮಗೂನಾದ್ರೂ ಉಳ್ಸು."

ಹುಡುಗಿಯರಾ, ಇದನ್ನು ಗಮನವಿಟ್ಟು ಓದಿ. ಈ ಕೆಲಸ ಹಳೇ ಕಪ್ಪು ಬಿಳುಪು ಫೋಟೋಗೆ ಮಾತ್ರ. ಈಗಿನ ಕಂಪ್ಯೂಟರ್ ಪ್ರಿಂಟ್ ನೀರಿಗೆ ಹಾಕಿದರೆ ಇಡೀ ಮನುಷ್ಯನೇ ಕರಗಿಹೋಗುತ್ತಾನೆ. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಉಪ್ಪು ನಿಲ್ಲುತ್ತದೆ, ಕುಡಿಯುವ ಕ್ಯಾನ್ ನೀರು ಹಾಕಿ. ತಣ್ಣಗಿರಲಿ. ಫ್ರೇಮ್ ಬಿಚ್ಚಿ, ಗಾಜು ಕೆಳಗೆ, ಫೋಟೋದ ಬೆನ್ನು ಮೇಲೆ ಬರುವ ಹಾಗೆ ಅಗಲದ ಪಾತ್ರೆಯಲ್ಲಿ ಇಡಿ. ಎಳೆಯಬೇಡಿ, ಕೆರೆಯಬೇಡಿ, ಚಾಕು ತೂರಿಸಬೇಡಿ. ಅದು ತಾನಾಗಿ ಬಿಡಬೇಕು. ನಿಮ್ಮ ಕೈ ಸುಮ್ಮನಿರದಿದ್ದರೆ ಹೋಗಿ ಬಟ್ಟೆ ಒಗೆಯಿರಿ.

ನಾವು ಪಾತ್ರೆಯ ಸುತ್ತ ಕೂತೆವು. ಆಗ ಮಂಜುಳನೂ ಒಳಗೆ ಬಂದು, ಅತ್ತೆಯಿಂದ ದೂರ, ಗೋಡೆಗೆ ಒರಗಿ ಕೂತಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೂಲೆ ಎದ್ದಿತು. ಆಮೇಲೆ ಕಾಗದ ಗಾಜಿನಿಂದ ಜಾರಿ ತೇಲಿತು. ಅಂಗೈ ಕೊಟ್ಟು ತಿರುಗಿಸಿದೆ. ಬಣ್ಣ ಆಗಲೇ ಮೆತ್ತಗಾಗಿತ್ತು. ಬಲಗಣ್ಣಿನ ಕಪ್ಪು ಎದ್ದು, ಊದುಬತ್ತಿಯ ಹೊಗೆಯ ಹಾಗೆ ನೀರಿನಲ್ಲಿ ಹಬ್ಬಿ ಹೋಯಿತು. ಬಿಳಿ ಹೋಯಿತು. ಕೆನ್ನೆಯ ಗುಲಾಬಿ ಹೋಯಿತು. ಕೆಳಗೆ ಮುಚ್ಚಿದ ರೆಪ್ಪೆಗಳು ಕಂಡವು. ಅಲ್ಲೇ ಇದ್ದವು, ಒಂದೊಂದು ಕೂದಲೂ.

ಮಂಜುಳ ಬಗ್ಗಿ ನೋಡಿದಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಕುರ್ಚಿಯ ಹಿಂದಿನ ಆ ಕೈ ನೋಡಿದಳು. "ಅತ್ತೆ..." ಎಂದು ಬಾಯಿಗೆ ಸೆರಗು ಹಿಡಿದಳು.

"ಅಳ್ಬೇಡ. ಸುಮ್ನಿರು" ಎಂದರು ಗೌರಮ್ಮ. ತಮ್ಮ ಬಲಗೈಯ ಎರಡು ಬೆರಳು ಎತ್ತಿ ನೋಡಿಕೊಂಡರು. "ನಾನೇ ಮುಚ್ಚಿದ್ದು ಕಣೆ. ಈ ಬೆರಳಲ್ಲಿ. ಮುಚ್ಕೋತಾನೇ ಇರ್ಲಿಲ್ಲ, ಸ್ವಲ್ಪ ಹೊತ್ತು ಒತ್ತಿ ಹಿಡ್ಕೊಂಡಿದ್ದೆ." ಆ ಬೆರಳು ಮಡಚಿಕೊಂಡು, "ಬಿಸಿ ಇತ್ತು ಇನ್ನೂ" ಎಂದರು.

ನಾನು ಎದ್ದು ಹೋಗಿ ನೀರು ಬದಲಾಯಿಸಿಕೊಂಡು ಬಂದೆ. ಇನ್ನೊಂದು ಸಲ ತೊಳೆಯಬೇಕಿತ್ತು.

ಒದ್ದೆ ಫೋಟೋವನ್ನು ನೆರಳಲ್ಲಿ, ಬಿಳಿ ಹತ್ತಿ ಬಟ್ಟೆಯ ಮೇಲೆ ಮುಖ ಮೇಲಾಗಿ ಒಣಗಿಸಬೇಕು. ಮುಖದ ಮೇಲೆ ಏನೂ ಮುಚ್ಚಬೇಡಿ. ಪೂರ್ತಿ ಒಣಗಿದ ಮೇಲೆ ಸುರುಳಿ ಆಗಿದ್ದರೆ ಎರಡು ಶುಭ್ರ ರಟ್ಟಿನ ನಡುವೆ ಭಾರ ಇಟ್ಟು ಮಲಗಿಸಿ. ನನ್ನ ಕೈ ನಡುಗುತ್ತಿದ್ದರಿಂದ ಗಾಜು ಕೊಯ್ಯಲು ಬೇರೆಯವರಿಗೆ ಕೊಟ್ಟೆ. ಒಳಗಿನ ಪಟ್ಟಿ, ಹಿಂದಿನ ರಟ್ಟು, ಬೆಣೆ ನಾನೇ ಹಾಕಿದೆ. ಬೂಷ್ಟು ಹಿಡಿದ ಕಡೆ ಫ್ರಾಕಿನ ಅಂಚು ಒಂದಿಷ್ಟು ಹೋಗಿತ್ತು. ಎಡಗೆನ್ನೆಯಲ್ಲಿ ತೆಳ್ಳಗೆ ಕಪ್ಪಿನ ನೆರಳು ಉಳಿದಿತ್ತು. ನಾನು ಅದನ್ನು ಮುಟ್ಟಲಿಲ್ಲ.

ಪಟವನ್ನು ನಾನೇ ಮೆಟ್ರೋದಲ್ಲಿ ಬೈಯಪ್ಪನಹಳ್ಳಿಗೆ ತೆಗೆದುಕೊಂಡು ಹೋದೆ. ರೂಮಿನ ಕಡೆ ಹೊರಟಿದ್ದೆ, ಗೌರಮ್ಮ ಹಾಲ್‌ನಲ್ಲೇ ತಡೆದರು. ಹಿರಿಯರ ಸಾಲು ತೋರಿಸಿದರು. ಅವರ ಅತ್ತೆ, ಮಾವ, ತೀರಿಹೋದ ಗಂಡ. ಆ ಕೊನೆಯಲ್ಲಿ ಹೊಸದಾಗಿ ಮೊಳೆ ಹೊಡೆಸಿದ್ದರು.

ಮಂಜುಳ ಹೆದರಿದಳು. "ಅತ್ತೆ, ರೂಮಲ್ಲೇ ಇರ್ಲಿ ಬಿಡಿ. ಇನ್ಮೇಲೆ ನಾನು ಕೈ ಹಚ್ಚಲ್ಲ, ನಿಜವಾಗ್ಲೂ."

"ಇಲ್ಲೇ ಇರ್ಲಿ" ಎಂದರು ಗೌರಮ್ಮ. ನಾನು ಸ್ಟೂಲು ಹತ್ತಿ ಪಟ ಹಾಕಿ ನೇರ ಮಾಡಿದೆ. ಅವರು ಕೆಳಗೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗದೆ, "ಮುಂದಿನ ಹಬ್ಬಕ್ಕೆ ಅವಳಿಗೂ ಎಡೆ ಇಡು" ಅಂದರು.

"ಆಯ್ತು ಅತ್ತೆ."

"ಬೇರೆ ಪಾತ್ರೇಲಿ ಮಾಡು ಅವಳದ್ದು. ಖಾರ ಹಾಕ್ಬೇಡ. ಮಗು ತಿನ್ನಲ್ಲ."